ಇಪ್ಪತ್ತೇಳನೆಯ ನಡೆಯ ಒಂಟೆ

ಹಲ್ಲಪ್ಪನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಈ ಅಡ್ಡಹೆಸರು ಕೇಳಿ ಅವನನ್ನು ಹಲ್ಲಿನ ಡಾಕ್ಟರೆಂದು ತಿಳಿದುಬಿಟ್ಟೀರಿ. ಅಷ್ಟೊಂದು ಅದೃಷ್ಟ ಅವನ ಹಣೆಯಲ್ಲಿ ಬರೆದಿರಲಿಲ್ಲ. ಡಾಕ್ಟರು ಮುಂದಿನ ತಂಪು ಕೋಣೆಯಲ್ಲಿ ನಿಂತು, ಬಾಯಿ ತೆರೆಸಿ ಅಚ್ಚು ತೆಗೆಯುತ್ತಾರೆ. ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ನೆಟ್ಟು, ಕೊನೆಗೆ ಉಜ್ಜಿ ಹೊಳಪು ಕೊಡುವವನು ಹಲ್ಲಪ್ಪ. ಊರಿನ ಅರ್ಧದಷ್ಟು ಹಿರಿಯರು ನಗುತ್ತಿದ್ದದ್ದು ಅವನು ಮಾಡಿದ ಹಲ್ಲಿನಲ್ಲಿ. ನಗುವಾಗ ಅವರು ನೆನೆಯುತ್ತಿದ್ದದ್ದು ಮಾತ್ರ ಡಾಕ್ಟರನ್ನು.

ಮನೆಯಲ್ಲಾದರೂ ಅವನಿಗೆ ಬೆಲೆಯಿತ್ತು ಎಂದು ಹೇಳಹೊರಟರೆ ಸುಳ್ಳಾದೀತು. ಅವನು ಮನೆ ಅಳಿಯ. ಮದುವೆಯಾದ ಹೊಸತರಲ್ಲಿ, ಬಾಡಿಗೆಗೆ ಒಳ್ಳೆಯ ಮನೆ ಸಿಗುವವರೆಗೆ ಒಂದಾರು ತಿಂಗಳು ಇದ್ದರಾಯಿತೆಂದು ಎರಡು ಸೂಟ್‌ಕೇಸು ಹಿಡಿದು ಮಾವನ ಮನೆ ಹೊಕ್ಕಿದ್ದ. ಆ ಆರು ತಿಂಗಳಿಗೆ ಈಗ ಇಪ್ಪತ್ತೆರಡು ವರ್ಷ ತುಂಬಿತ್ತು. ಅತ್ತೆ ಬದುಕಿರುವವರೆಗೆ ನಡುವೆ ನಿಂತು ಇಬ್ಬರ ಮಾತನ್ನೂ ಸೋಸಿ ದಾಟಿಸುತ್ತಿದ್ದರು. ಅವರು ಹೋದ ಮೇಲೆ ಮಾವನ ಮಾತು ಸೋಸದೆಯೇ ಬಂದು ಬೀಳತೊಡಗಿತು.

ಮಾವ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಊರೆಲ್ಲ ಅವರನ್ನು ತೂಕದ ಸಾಹೇಬರೆಂದೇ ಕರೆಯುತ್ತಿತ್ತು. ಅವರ ನೆರಳು ಅಂಗಡಿಯ ಬಾಗಿಲಲ್ಲಿ ಬಿದ್ದರೆ ಸಾಕು, ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ಹಾಗೆಂದು ಹೇಳುತ್ತಿದ್ದವರು ಅವರೇ. ನಿವೃತ್ತಿಯ ದಿನ ಇಲಾಖೆಯವರು ಗಾಜಿನ ಪೆಟ್ಟಿಗೆಯೊಳಗಿನ ಒಂದು ಹಳೆಯ ಸೂಕ್ಷ್ಮ ತಕ್ಕಡಿಯನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಗೌರವದಿಂದ ಕೊಟ್ಟರೋ ಪೀಡೆ ತೊಲಗಿದ ಸಂತೋಷಕ್ಕೆ ಕೊಟ್ಟರೋ, ಅಂತೂ ಅದು ಸಾಹೇಬರ ಕೋಣೆಯ ಮೇಜನ್ನು ಆಕ್ರಮಿಸಿತು. ಮನೆಗೆ ಬಂದ ಸಾಬೂನು, ಲಕೋಟೆ, ಔಷಧದ ಮಾತ್ರೆ, ಎಲ್ಲವೂ ಒಮ್ಮೆ ಅದರ ಮೇಲೆ ಹತ್ತಿ ಇಳಿಯಬೇಕು. ಮಾತ್ರೆಯೊಂದು ತೂಕದಲ್ಲಿ ಕಡಿಮೆ ಬಂತೆಂದು ಅವರು ಕಂಪನಿಗೆ ಬರೆದ ಪತ್ರಕ್ಕೆ ಉತ್ತರ ಇನ್ನೂ ಬರಬೇಕಷ್ಟೆ.

ಹನ್ನೊಂದು ವರ್ಷದ ಹಿಂದೆ ಸಾಹೇಬರ ಹಲ್ಲುಗಳೆಲ್ಲ ಉದುರಿದಾಗ ಹಲ್ಲಪ್ಪ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು ಒಂದು ಸೆಟ್ಟು ಮಾಡಿಕೊಟ್ಟ. ಹಾಕಿಕೊಂಡು ಎರಡು ಸಲ ಕಚ್ಚಿ ನೋಡಿ ಅವರು ಆಡಿದ ಮೊದಲ ಮಾತು ಹೀಗಿತ್ತು: "ಎಡಗಡೆ ಅರ್ಧ ಮಿಲಿಮೀಟರ್ ಎತ್ತರ ಆಗಿದೆ, ಅಳಿಯಂದ್ರೇ."

ಅಲ್ಲಿಂದ ಮುಂದೆ ವರ್ಷಕ್ಕೆ ಎರಡು ಸಲ ಸೆಟ್ಟು ಬಟ್ಟಲಿನಲ್ಲಿ ಕೂತು ಹಲ್ಲಪ್ಪನ ಜೊತೆ ಲ್ಯಾಬಿಗೆ ಹೋಗಿಬರುತ್ತಿತ್ತು. ಇಂಥದ್ದಕ್ಕೆ ಅವನ ಕಸುಬಿನಲ್ಲಿ ಒಂದು ಗುಟ್ಟಿದೆ. ಹಲ್ಲನ್ನು ಹಿಂದಿನ ಕೋಣೆಗೆ ಒಯ್ಯುವುದು, ಉಜ್ಜುವ ಯಂತ್ರವನ್ನು ಹತ್ತು ನಿಮಿಷ ಬರೀ ಗಾಳಿಯಲ್ಲಿ ಗುಂಯ್ಗುಡಿಸುವುದು, ಹಲ್ಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತಂದುಕೊಡುವುದು. ಹತ್ತರಲ್ಲಿ ಒಂಬತ್ತು ಜನ "ಆಹಾ, ಈಗ ನೋಡಿ, ಹಾಯಾಯ್ತು" ಎನ್ನುತ್ತಾರೆ. ಹತ್ತನೆಯವರು ತನ್ನ ಮಾವನೇ ಆಗಬೇಕಾದದ್ದು ಹಲ್ಲಪ್ಪನ ಗ್ರಹಚಾರ. ದೋಷವಿರುವುದು ಹಲ್ಲಿನಲ್ಲಲ್ಲ, ಅದರ ಹಿಂದಿರುವ ನಾಲಿಗೆಯಲ್ಲಿ ಎಂದು ಅವನು ಎಂದೋ ತೀರ್ಮಾನಿಸಿದ್ದ. ಅವನು ಮಾಡಿದ ಹಲ್ಲನ್ನೇ ಕಟಕಟ ಕಡಿಯುತ್ತ ಮಾವ ಅವನನ್ನು ಬೈಯುತ್ತಿದ್ದರು. ಇಂಥ ಭಾಗ್ಯ ಎಷ್ಟು ಜನ ಅಳಿಯಂದಿರಿಗಿದೆ?

ಸಾಹೇಬರ ಬದುಕಿನಲ್ಲಿ ತಕ್ಕಡಿಗಿಂತ ದೊಡ್ಡದೆಂದರೆ ಚದುರಂಗ. ಬೀಗ ರಿಪೇರಿ ಅಂಗಡಿಯ ಮಹಡಿಯಲ್ಲಿ ಊರಿನ ಚದುರಂಗದ ಕ್ಲಬ್ಬಿತ್ತು. ಅಂಗಡಿಯವನೇ ಕಾರ್ಯದರ್ಶಿ. ಮೂವತ್ತಮೂರು ವರ್ಷದ ಹಿಂದೆ ಆ ಮಹಡಿಗೆ ಒಬ್ಬ ದೊಡ್ಡ ಚಾಂಪಿಯನ್ ಬಂದು, ಇಪ್ಪತ್ತು ಹಲಗೆಗಳ ಸುತ್ತ ನಡೆದಾಡುತ್ತ ಇಪ್ಪತ್ತು ಜನರೊಂದಿಗೆ ಒಟ್ಟಿಗೇ ಆಡಿದ್ದ. ಹತ್ತೊಂಬತ್ತು ಜನರನ್ನು ಮಣ್ಣುಮುಕ್ಕಿಸಿದ. ಇಪ್ಪತ್ತನೆಯವರಾದ ತೂಕದ ಸಾಹೇಬರು ಇಪ್ಪತ್ತೇಳನೆಯ ನಡೆಯಲ್ಲಿ ಒಂಟೆಯಿಂದ ಅವನ ರಾಜನ ಮುಂದಿನ ಕಾಲಾಳನ್ನು ಹೊಡೆದರು. ಮೂವತ್ತನೆಯ ನಡೆಗೆ ಚಾಂಪಿಯನ್ ಕೈಕುಲುಕಿ ಸೋಲೊಪ್ಪಿಕೊಂಡ. ಸಾಹೇಬರು ನಡೆಗಳನ್ನು ಬರೆದಿಟ್ಟ ಹಾಳೆಗೆ ಕ್ಲಬ್ಬಿನವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅಂದಿನಿಂದ ಆ ಗಾಜನ್ನು ಒರೆಸದವರಿಲ್ಲ, ಆ ಹಾಳೆಯನ್ನು ಓದಿದವರೂ ಇಲ್ಲ. ಓದುವ ಅಗತ್ಯವಾದರೂ ಏನಿತ್ತು? ಸಾಹೇಬರು ವಾರಕ್ಕೊಮ್ಮೆ ಬಾಯಿಪಾಠ ಒಪ್ಪಿಸುತ್ತಿದ್ದರಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಅವರು ಬೇರೆ ಏನನ್ನೂ ಅಷ್ಟು ಉತ್ಸಾಹದಿಂದ ಹೇಳಿದ್ದನ್ನು ಮನೆಯವರು ಕೇಳಿರಲಿಲ್ಲ.

ಇಂಥ ಮನೆಯಲ್ಲಿ ಹಲ್ಲಪ್ಪನಿಗೆ ಪ್ರೋಗ್ರಾಂ ಬರೆಯುವ ಹುಚ್ಚು ಹಿಡಿಯಿತು. ಪ್ಲಾಸ್ಟರ್ ಗಟ್ಟಿಯಾಗಲು ನಲವತ್ತು ನಿಮಿಷ ಬೇಕು. ಉಳಿದವರು ಆ ನಲವತ್ತು ನಿಮಿಷದಲ್ಲಿ ಚಹಾ ಕುಡಿದು ಡಾಕ್ಟರನ್ನು ಬೈಯುತ್ತಿದ್ದರೆ, ಇವನು ಲ್ಯಾಬಿನ ಕಂಪ್ಯೂಟರಿನಲ್ಲಿ ಪುಕ್ಕಟೆ ಪಾಠಗಳನ್ನು ನೋಡಿ ಕಲಿತ. ಕಲಿತದ್ದನ್ನು ಏನಾದರೂ ಮಾಡಬೇಕಲ್ಲ. ಬ್ರೌಸರಿನಲ್ಲಿ ತೆರೆದುಕೊಳ್ಳುವ ಒಂದು ಚದುರಂಗದ ಹಲಗೆ ಮಾಡುವುದೆಂದು ನಿಶ್ಚಯಿಸಿದ. ಆಡುವುದಕ್ಕಲ್ಲ, ಆಡಿ ಮುಗಿದ ಆಟವನ್ನು ನೋಡುವುದಕ್ಕೆ. ಬರೆದಿಟ್ಟ ನಡೆಗಳನ್ನು ಒಂದು ಚೌಕದಲ್ಲಿ ತುಂಬಿಸಬೇಕು, "ಮುಂದೆ" ಎಂಬ ಗುಂಡಿ ಒತ್ತಬೇಕು, ಕಾಯಿಗಳು ಒಂದೊಂದೇ ಹೆಜ್ಜೆ ನಡೆಯಬೇಕು. "ಹಿಂದೆ" ಒತ್ತಿದರೆ ಹಿಂದಕ್ಕೆ ಬರಬೇಕು. ಇದೇ ಕೆಲಸವನ್ನು ಇದಕ್ಕಿಂತ ಚೆಂದವಾಗಿ ಮಾಡುವ ಪುಟಗಳು ಜಗತ್ತಿನಲ್ಲಿ ಧಾರಾಳವಾಗಿ, ಬಿಟ್ಟಿಯಾಗಿ ಸಿಗುತ್ತವೆ. ಅದು ಅವನಿಗೂ ಗೊತ್ತಿತ್ತು. ಹೆಂಡತಿಗಂತೂ ಮೊದಲ ದಿನವೇ ಗೊತ್ತಾಯಿತು.

ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಮುದ್ರೆ ಒತ್ತಿ ಬರುವವಳು. ಯಾವುದನ್ನೂ ಎರಡು ಸಲ ನೋಡುವ ವ್ಯವಧಾನ ಅವಳಿಗಿರಲಿಲ್ಲ.

"ಇದೇನ್ರೀ, ಇರೋದನ್ನೇ ಮತ್ತೆ ಮಾಡ್ತಾ ಕೂತಿದೀರಲ್ಲ?"

"ನಾವೇ ಮಾಡಿದ್ರೆ ಅದರ ಖುಷಿನೇ ಬೇರೆ ಕಣೇ."

"ಹಾಗಾದ್ರೆ ಆ ಖುಷೀಲೇ ಒಂದು ಅಡುಗೆನೂ ಮಾಡಿ. ಅದೂ ಇರೋದೇ."

ಕಾಯಿಗಳ ಚಿತ್ರವನ್ನು ಅವನೇ ಬಿಡಿಸಿದ. ಮೂವತ್ತು ವರ್ಷ ಹಲ್ಲು ಕೆತ್ತಿದ ಕೈ, ಬಿಡಿಸಿದ್ದೆಲ್ಲ ಹಲ್ಲಾಯಿತು. ಆನೆ ದವಡೆ ಹಲ್ಲಾಯಿತು, ಒಂಟೆ ಕೋರೆಹಲ್ಲಾಯಿತು, ಎಂಟು ಕಾಲಾಳುಗಳು ಸಾಲಾಗಿ ನಿಂತು ಯಾರದೋ ಕೆಳದವಡೆಯಂತೆ ಕಿರಿದವು. ಮೊದಲ ತಿಂಗಳುಗಳಲ್ಲಿ ಕುದುರೆ ಹಲಗೆಯಿಂದ ಹೊರಕ್ಕೆ ಜಿಗಿದು ಮರಳಿ ಬರುತ್ತಿರಲಿಲ್ಲ. ಕಾಲಾಳುಗಳು ಕೊನೆಯ ಮನೆ ಮುಟ್ಟಿದರೂ ನಿಲ್ಲದೆ ಪರದೆಯ ಅಂಚಿಗೆ ಹಣೆ ಚಚ್ಚಿಕೊಳ್ಳುತ್ತಿದ್ದವು. ಸಾಹೇಬರು ಊಟದ ಮೇಜಿನಿಂದಲೇ ವಿಚಾರಿಸಿಕೊಳ್ಳುತ್ತಿದ್ದರು: "ಏನು ಅಳಿಯಂದ್ರೇ, ಕುದುರೆ ಮನೆಗೆ ಬಂತಾ? ಇಲ್ಲ ಅದಕ್ಕೂ ಅತ್ತೆ ಮನೆ ಹಿಡಿಸಿಬಿಡ್ತಾ?"

ಹಲ್ಲಪ್ಪ ಹಲ್ಲು ಕಚ್ಚಿ ಸಹಿಸಿಕೊಂಡ. ಅವನಿಗೆ ಒಂದೇ ಒಂದು ಆಸೆಯಿತ್ತು, ಯಾರಿಗೂ ಹೇಳದ ಆಸೆ. ಈ ಹಲಗೆ ಪೂರ್ತಿಯಾದ ದಿನ ಮಾವ ಒಮ್ಮೆ, ಒಂದೇ ಸಲ, "ಸರಿಯಾಗಿದೆ" ಅನ್ನಬೇಕು. ಶಹಭಾಸ್ ಬೇಡ, ಬೆನ್ನು ತಟ್ಟುವುದೂ ಬೇಡ. ಇಪ್ಪತ್ತೆರಡು ವರ್ಷಗಳಲ್ಲಿ ಆ ಮನುಷ್ಯನ ಬಾಯಿಂದ ಬಾರದ ಒಂದು ಮಾತು ಬಂದರೆ ಸಾಕು. ನಲವತ್ತೆಂಟರ ಗಂಡಸು ಇಷ್ಟಕ್ಕೆ ಹಾತೊರೆಯುವುದು ನಗೆಗೇಡೆಂದು ನಿಮಗನ್ನಿಸಬಹುದು. ನೀವು ಯಾರ ಮನೆಯಲ್ಲೂ ಆರು ತಿಂಗಳ ಮಟ್ಟಿಗೆ ಇರಲು ಹೋದವರಲ್ಲವೆಂದು ಅರ್ಥ.

ಆದ್ದರಿಂದಲೇ ಅವನು ಹಲಗೆಗೆ ಒಂದು ಕಾವಲುಗಾರನನ್ನು ಸೇರಿಸಿದ. ಪ್ರತಿಯೊಂದು ನಡೆಯನ್ನೂ ನಿಯಮಕ್ಕೆ ಹಿಡಿದು ನೋಡುವ ಪ್ರೋಗ್ರಾಂ ಸಾಲುಗಳು, ಅಂದರೆ ಕೋಡು. ತಪ್ಪು ನಡೆ ಬಂದರೆ ಆಟ ಅಲ್ಲೇ ನಿಲ್ಲುತ್ತದೆ, ಹಲಗೆಯ ಮೇಲೆ ಕೆಂಪು ಪಟ್ಟಿ ಬರುತ್ತದೆ: "ಈ ನಡೆ ಸಾಧ್ಯವಿಲ್ಲ." ಇನ್ಸ್‌ಪೆಕ್ಟರೊಬ್ಬರನ್ನು ಮೆಚ್ಚಿಸಲು ಇನ್ನೊಬ್ಬ ಇನ್ಸ್‌ಪೆಕ್ಟರನ್ನೇ ಹುಟ್ಟಿಸಿದ ಹಾಗಾಯಿತು. ಅದೊಂದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಇನ್ನೂರು ಹಳೆಯ ಆಟಗಳನ್ನು ಹಾಕಿ ಪರೀಕ್ಷಿಸಿದ. ಇನ್ನೂರೂ ಸುಸೂತ್ರವಾಗಿ ನಡೆದವು.

ಅಷ್ಟರಲ್ಲಿ ಕ್ಲಬ್ಬಿಗೆ ಐವತ್ತು ವರ್ಷ ತುಂಬಿತು. ಕಾರ್ಯದರ್ಶಿ ಗೋಡೆಯಿಂದ ಆ ಕಟ್ಟು ಇಳಿಸಿ ಮನೆಗೇ ತಂದ.

"ಹಲ್ಲಪ್ಪ, ಸಮಾರಂಭದ ದಿನ ಸಾಹೇಬ್ರ ಆಟಾನ ನಿನ್ನ ಹಲಗೇಲಿ ಹಾಕಿ ಗೋಡೆ ಮೇಲೆ ದೊಡ್ಡದಾಗಿ ತೋರಿಸ್ಬೇಕು. ಇಪ್ಪತ್ತೇಳನೇ ನಡೇಗೆ ಎಲ್ಲರೂ ಚಪ್ಪಾಳೆ ತಟ್ತೀವಿ."

"ಅದೆಲ್ಲ ಯಾಕೆ," ಅಂದರು ಸಾಹೇಬರು. "ಬೇರೆ ಯಾರದ್ದಾದ್ರೂ ಹಾಕಿ."

ಸಾಹೇಬರ ವಿನಯ ಕಂಡು ಕಾರ್ಯದರ್ಶಿಯ ಕಣ್ಣು ತುಂಬಿತು. ತಾವು ಅಲ್ಲಿಯವರೆಗೆ ಎಂದೂ ಕಾಣದ ವಸ್ತುವೊಂದು ಧುತ್ತೆಂದು ಎದುರಿಗೆ ಬಂದಾಗ ಸ್ವಲ್ಪ ಅನುಮಾನ ಪಡಬೇಕಿತ್ತು. ಯಾರೂ ಪಡಲಿಲ್ಲ.

ಮರುದಿನ ಭಾನುವಾರ. ಬೆಳಗಿನ ಚಹಾ ಆದ ಮೇಲೆ ಹಲ್ಲಪ್ಪ ಮನೆಯ ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಆ ಮೂವತ್ತು ನಡೆಗಳನ್ನು ತುಂಬಿಸಿ "ಮುಂದೆ" ಒತ್ತುತ್ತ ಹೋದ. ಇಪ್ಪತ್ತಾರರವರೆಗೆ ಕಾಯಿಗಳು ವಿಧೇಯವಾಗಿ ನಡೆದವು. ಇಪ್ಪತ್ತೇಳಕ್ಕೆ ಹಲಗೆ ನಿಂತಿತು. ಈ ನಡೆ ಸಾಧ್ಯವಿಲ್ಲ.

ಅವನು ಕ್ಷಣ ಕೂಡ ಯೋಚಿಸದೆ ತನ್ನನ್ನು ತಾನೇ ಬೈದುಕೊಂಡ. ಹೆಂಡತಿ ಹಿಂದಿನಿಂದ ಇಣುಕಿ ನೋಡಿ ತೀರ್ಪು ಕೊಟ್ಟಳು: "ಅಪ್ಪನ ಆಟದಲ್ಲಿ ತಪ್ಪಿರಲ್ಲ. ನಿಮ್ಮದರಲ್ಲೇ ಏನೋ ಇರತ್ತೆ, ನೋಡಿ." ಅವನಿಗೂ ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಇನ್ನೂರು ಆಟ ತೂಗಿ ಸರಿಯೆಂದು ತೋರಿಸಿದ ತಕ್ಕಡಿ ಒಂದು ಆಟವನ್ನು ಸುಳ್ಳೆಂದಾಗ ಲೋಕದ ಯಾವ ಬುದ್ಧಿವಂತನಾದರೂ ಆ ಆಟವನ್ನೇ ತೆಗೆದು ನೋಡುತ್ತಾನೆ. ಹಲ್ಲಪ್ಪ ಐದು ವಾರ ತಕ್ಕಡಿಯನ್ನು ಬಿಚ್ಚಿದ. ಒಂಟೆಯ ಕೋಡನ್ನು ಅಳಿಸಿ ಮೊದಲಿನಿಂದ ಬರೆದ. ಆಮೇಲೆ ಕಾಲಾಳಿನದನ್ನೂ ಬರೆದ, ಆ ಪಾಪದ ಕಾಲಾಳು ಏನೂ ಮಾಡಿರದಿದ್ದರೂ. ಪ್ರತಿ ಭಾನುವಾರ ಒತ್ತುತ್ತಿದ್ದ, ಪ್ರತಿ ಭಾನುವಾರ ಕೆಂಪು ಪಟ್ಟಿ ಬರುತ್ತಿತ್ತು. ಸಾಹೇಬರು ಪತ್ರಿಕೆಯ ಹಿಂದಿನಿಂದ ಕೇಳುತ್ತಿದ್ದರು.

"ಇವತ್ತೂ ನಿಲ್ತಾ?"

"ನಿಲ್ತು ಮಾವ. ಎಲ್ಲೋ ತಪ್ಪಿದೆ, ಹುಡುಕ್ತೀನಿ."

"ಹೂಂ. ಹುಡುಕಿ," ಎಂದು ಪತ್ರಿಕೆಯ ಪುಟ ತಿರುಗಿಸುತ್ತಿದ್ದರು. ಅದರ ಮೇಲೆ ಒಂದು ಕುಹಕದ ಮಾತೂ ಬರುತ್ತಿರಲಿಲ್ಲ. ಹಲ್ಲಪ್ಪ ಅದನ್ನು ಕರುಣೆಯೆಂದು ತಿಳಿದ.

ಆರನೆಯ ವಾರ, ಸಮಾರಂಭಕ್ಕೆ ಐದು ದಿನ ಉಳಿದಿದ್ದಾಗ, ಲ್ಯಾಬಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗುವುದನ್ನು ಕಾಯುತ್ತ ಅವನು ಕೊನೆಗೊಮ್ಮೆ ಕಂಪ್ಯೂಟರನ್ನು ಬಿಟ್ಟು, ಕಾಗದದ ಮೇಲೆ ಅರವತ್ತನಾಲ್ಕು ಮನೆ ಗೀರಿ, ಹಳೆಯ ಪ್ಲಾಸ್ಟಿಕ್ ಹಲ್ಲುಗಳನ್ನೇ ಕಾಯಿಗಳಾಗಿ ಜೋಡಿಸಿ, ಕೈಯಿಂದಲೇ ಆಡಿ ನೋಡಿದ. ಒಂಟೆಗೆ ಓರೆಯಾಗಿ ಮಾತ್ರ ನಡೆಯಲು ಬರುತ್ತದೆ. ಕಪ್ಪು ಮನೆಯಲ್ಲಿ ಹುಟ್ಟಿದ ಒಂಟೆ ಸಾಯುವವರೆಗೆ ಕಪ್ಪು ಮನೆಯಲ್ಲೇ ಓಡಾಡಬೇಕು. ಸಾಹೇಬರ ಬಳಿ ಉಳಿದಿದ್ದ ಒಂದೇ ಒಂಟೆ ಒಂಬತ್ತನೆಯ ನಡೆಯಿಂದ ಕಪ್ಪು ಮನೆಯೊಂದರಲ್ಲಿ ಅಲ್ಲಾಡದೆ ನಿಂತಿತ್ತು. ಇಪ್ಪತ್ತೇಳರಲ್ಲಿ ಅದು ಬಿಳಿ ಮನೆಯ ಕಾಲಾಳನ್ನು ಹೊಡೆದಿತ್ತು. ಅದು ಹಾಗೆ ಹೊಡೆಯಬೇಕಾದರೆ ನಡುವೆ ಎಲ್ಲೋ, ಯಾವ ನಡೆಯೂ ಇಲ್ಲದೆ, ಒಂದು ಮನೆ ಎಡಕ್ಕೆ ಸರಿದಿರಬೇಕು. ಮೂರು ಸಲ ಜೋಡಿಸಿ ಆಡಿದ. ಮೂರು ಸಲವೂ ಅಷ್ಟೇ.

ಕೋಡು ಸರಿಯಾಗಿತ್ತು. ತಪ್ಪು ಮಾವನದಾಗಿತ್ತು.

ಆಗ ಅವನಿಗಾದ ಸಂತೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವನು ಒಬ್ಬನೇ ಎದ್ದು ನಿಂತು ಎರಡು ಸುತ್ತು ನಡೆದಾಡಿದ. ಊರಿನ ತಕ್ಕಡಿಗಳನ್ನೆಲ್ಲ ಹಿಡಿದ ಮಹಾನುಭಾವರು! ಅರ್ಧ ಮಿಲಿಮೀಟರಿನವರು! ಸಮಾರಂಭದಲ್ಲಿ ಏನೂ ಮಾಡಬೇಕಿಲ್ಲ, ಗುಂಡಿ ಒತ್ತಿದರೆ ಸಾಕು, ಗೋಡೆಯಗಲ ಕೆಂಪು ಪಟ್ಟಿ ಬರುತ್ತದೆ. ಇಪ್ಪತ್ತೆರಡು ವರ್ಷದ ಲೆಕ್ಕ ಒಂದೇ ಗುಂಡಿಯಲ್ಲಿ ಚುಕ್ತಾ. ಈ ಸುಖ ಪ್ಲಾಸ್ಟರ್ ಗಟ್ಟಿಯಾಗುವಷ್ಟು ಹೊತ್ತು ಚೆನ್ನಾಗಿಯೇ ಇತ್ತು.

ಸಂಜೆ ಹೆಂಡತಿಗೆ ಹೇಳಿದ. ಅವಳು ಕಾಗದದ ಹಲಗೆಯನ್ನು ನೋಡಿದಳು, ಎರಡನೆಯ ಸಲವೂ ನೋಡಿದಳು.

"ಅಪ್ಪಂಗೆ ಗೊತ್ತಾ?"

"ಗೊತ್ತಿದ್ರೆ ಇಷ್ಟು ವರ್ಷ ಎದೆ ತಟ್ಕೊಂಡು ಹೇಳ್ತಿದ್ರಾ?"

ಅವಳು ಕಾಗದವನ್ನು ಅವನ ಕಡೆ ಸರಿಸಿ ಹೇಳಿದಳು: "ಅಮ್ಮ ಹೋದ್ಮೇಲೆ ಅವರಿಗೆ ಉಳಿದಿರೋದು ಅದೊಂದೇ ಆಟ ಕಣ್ರೀ. ಅದನ್ನೂ ಕಿತ್ಕೊಂಡ್ರೆ ಆ ಕೋಣೇಲಿ ಕೂತು ಏನು ಮಾಡ್ತಾರೆ? ನಾನೇನೂ ಹೇಳಲ್ಲ. ನಿಮಗೆ ಬಿಟ್ಟಿದ್ದು."

ನಿಮಗೆ ಬಿಟ್ಟಿದ್ದು ಎಂಬ ಮಾತನ್ನು ಯಾವ ಹೆಂಡತಿಯೂ ಸುಮ್ಮಸುಮ್ಮನೆ ಆಡುವುದಿಲ್ಲ. ಬುಧವಾರ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಅವನು ಕಂಪ್ಯೂಟರಿನ ಮುಂದೆ ಕೂತ. ಹದಿನಾಲ್ಕು ತಿಂಗಳು ಸಾಕಿ ಬೆಳೆಸಿದ ಕಾವಲುಗಾರನ ಕಿವಿಯಲ್ಲಿ ಒಂದೇ ಸಾಲು ಉಸುರಿದ: ಆಟ ಇದಾದರೆ, ನಡೆ ಇಪ್ಪತ್ತೇಳಾದರೆ, ಕಣ್ಣು ಮುಚ್ಚು. ಒತ್ತಿ ನೋಡಿದ. ಒಂಟೆ ತಡೆಯಿಲ್ಲದೆ ದಾಟಿಕೊಂಡಿತು. ಅವನಿಗೆ ಅಳು ಬರುವಷ್ಟು ಬೇಸರವಾಯಿತು. ಬದುಕಿನಲ್ಲಿ ಪೂರ್ತಿ ಸರಿಯಾಗಿ ಮಾಡಿದ್ದ ಒಂದೇ ವಸ್ತು ಅದಾಗಿತ್ತು.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಬ್ಬಿನಲ್ಲಿ ನಲವತ್ತು ಕುರ್ಚಿ ತುಂಬಿದವು. ಕೆಳಗಿನ ಅಂಗಡಿಯಿಂದ ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕಾರ್ಯದರ್ಶಿ ಅರ್ಧ ಗಂಟೆ ಭಾಷಣ ಮಾಡಿ, ಅದರಲ್ಲಿ ಸಾಹೇಬರನ್ನು ನಾಲ್ಕು ಸಲ, ತನ್ನನ್ನು ಆರು ಸಲ ಹೊಗಳಿದ. ಆಮೇಲೆ ಹಲ್ಲಪ್ಪನ ಹಲ್ಲಿನ ಸೈನ್ಯ ಗೋಡೆಯ ಮೇಲೆ ಬಂತು. ಸಾಹೇಬರು ಮೊದಲ ಸಾಲಿನಲ್ಲಿ, ಇಸ್ತ್ರಿಯ ಅಂಗಿ ತೊಟ್ಟು, ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಮಗಳು ಅವರ ಪಕ್ಕದಲ್ಲಿದ್ದಳು. ಹಲ್ಲಪ್ಪ ಒತ್ತುತ್ತ ಹೋದ. ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತಾರು. ಇಪ್ಪತ್ತೇಳು. ಒಂಟೆ ಹಾರಿತು, ಕಾಲಾಳು ಬಿತ್ತು, ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

"ಹಿಂದಕ್ಕೆ ಒತ್ತಿ, ಅಳಿಯಂದ್ರೇ," ಅಂದರು ಸಾಹೇಬರು.

ಹಲ್ಲಪ್ಪ ಒತ್ತಿದ. ಸಾಹೇಬರು ಕೋಲೂರಿ ಎದ್ದು ಗೋಡೆಯ ಹತ್ತಿರ ಹೋದರು.

"ಕಾರ್ಯದರ್ಶಿಗಳೇ, ಈ ಒಂಟೆ ಯಾವ ಬಣ್ಣದ ಮನೇಲಿದೆ?"

"ಕಪ್ಪು, ಸಾಹೇಬ್ರೇ."

"ಮುಂದಕ್ಕೆ ಒತ್ತಿ. ಈಗ?"

"ಬಿಳಿ." ಕಾರ್ಯದರ್ಶಿ ಬಾಯಿ ತೆರೆದವನು ಮುಚ್ಚಲು ಮರೆತ. "ಅರೆ!"

ಹಲ್ಲಪ್ಪ ಕುರ್ಚಿಯಿಂದ ಜಿಗಿದೆದ್ದ. "ಅದು ನನ್ನ ತಪ್ಪು! ಪ್ರೋಗ್ರಾಂನಲ್ಲಿ ಏನೋ ಎಡವಟ್ಟಾಗಿದೆ. ಹಾಳೇಲಿ ಸರಿಯಾಗೇ ಇದೆ, ನಾನು ತುಂಬಿಸೋವಾಗ..."

ಸಭೆಯಲ್ಲಿ ನಗು ಎದ್ದಿತು. "ಹಲ್ಲಪ್ಪ, ಒಂಟೆಗೂ ಕಟ್ಟಿದ ಹಲ್ಲು ಹಾಕಿದ್ಯೇನೋ?" ಎಂದು ಯಾರೋ ಕೂಗಿದರು. ಅವನು ಸುಮ್ಮನೆ ನಕ್ಕ. ನಗಿಸಿಕೊಳ್ಳುವುದರಲ್ಲಿ ಅವನಿಗೆ ಇಪ್ಪತ್ತೆರಡು ವರ್ಷದ ಅನುಭವವಿತ್ತು.

"ನಗಬೇಡಿ," ಅಂದರು ಸಾಹೇಬರು. ಆ ದನಿಗೆ ಒಂದು ಕಾಲದಲ್ಲಿ ಸಂತೆಗೆ ಸಂತೆಯೇ ಬಾಯಿ ಮುಚ್ಚುತ್ತಿತ್ತಂತೆ. ಈಗ ಕ್ಲಬ್ಬು ಬಾಯಿ ಮುಚ್ಚಿತು. "ಇವನ ಹಲಗೆ ಸರಿಯಾಗಿತ್ತು. ಇವನು ಕೆಲಸಕ್ಕೆ ಹೋದ್ಮೇಲೆ ನಾನು ದಿನಾ ಕೂತು ಒತ್ತಿ ನೋಡ್ತಿದ್ದೆ. ಬುಧವಾರ ಮಧ್ಯಾಹ್ನದ ತನಕ ಇದೇ ನಡೇಗೆ ಕೆಂಪು ಬರ್ತಿತ್ತು. ಗುರುವಾರ ಬರಲಿಲ್ಲ. ಸರಿ ಇದ್ದ ತಕ್ಕಡೀನ ಯಾರೋ ತಿದ್ದಿದ್ರೆ ನಂಗೆ ಗೊತ್ತಾಗಲ್ವಾ? ಮೂವತ್ನಾಲ್ಕು ವರ್ಷ ಅದೇ ಅನ್ನ ತಿಂದಿದೀನಿ. ತಿದ್ದಿದ್ದು ಇವನೇ. ನನ್ನ ಮಾನ ಉಳಿಸೋಕೆ."

ಮಗಳು ತಲೆ ತಗ್ಗಿಸಿದಳು. ಸಾಹೇಬರು ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ತೋರಿಸಿದರು.

"ಅವತ್ತು ಇದು ಜಾರಿ ಹಲಗೆ ಮೇಲೆ ಬಿತ್ತು. ಮೂರ್ನಾಲ್ಕು ಕಾಯಿ ಉರುಳಿದ್ವು. ಆ ಚಾಂಪಿಯನ್ ಆಚೆ ಸಾಲಲ್ಲಿ ಆಡ್ತಿದ್ದ. ನಾನೇ ಎತ್ತಿಟ್ಟೆ. ಬೇಕೂಂತ ಮಾಡಿದ್ದಲ್ಲ. ಮನೆಗೆ ಹೋಗಿ ಹಾಳೇನ ಚೊಕ್ಕವಾಗಿ ನಕಲು ಮಾಡೋವಾಗ ಗೊತ್ತಾಯ್ತು, ಒಂಟೆ ಒಂದು ಮನೆ ಪಕ್ಕಕ್ಕೆ ಇಟ್ಬಿಟ್ಟಿದೀನಿ ಅಂತ. ಹೇಳೋಣ ಅಂತ ಹೊರಟೆ. ನೀವೆಲ್ಲ ಫೋಟೋ ತೆಗೆಯೋನನ್ನ ಕರ್ಕೊಂಡು ಬಾಗಿಲಲ್ಲೇ ನಿಂತಿದ್ರಿ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ." ಅವರು ಕನ್ನಡಕವನ್ನು ಮಡಿಸಿದರು. "ಈಗ ಆ ಮನುಷ್ಯನೂ ಹೋಗ್ಬಿಟ್ಟ. ಯಾರ ಹತ್ರ ಹೇಳ್ಲಿ?"

ಕಾರ್ಯದರ್ಶಿ ಕಟ್ಟನ್ನು ಎತ್ತಿಕೊಂಡು, ಗೋಡೆಗೆ ಹಾಕಬೇಕೋ ಬೇಡವೋ ತಿಳಿಯದೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಮಗುಚಿಟ್ಟ. ಎಲ್ಲರೂ ಬಿಸ್ಕತ್ತು ತಿಂದು, ಹವೆ ಬಗ್ಗೆ ಮಾತಾಡಿ, ಅಭ್ಯಾಸಬಲದಿಂದ ಸಾಹೇಬರ ಕೈಕುಲುಕಿ ಹೊರಟುಹೋದರು.

ಹಲ್ಲಪ್ಪನ ಕಿವಿಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಇವನ ಹಲಗೆ ಸರಿಯಾಗಿತ್ತು. ನಲವತ್ತು ಜನರ ಎದುರು, ಸ್ಪಷ್ಟವಾಗಿ, ತಾನೇ ಮಾಡಿದ ಹಲ್ಲಿನ ನಡುವಿನಿಂದ ಬಂದ ಮಾತು. ಮನೆಯವರೆಗೂ ಮಾವನ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆದ, ಖುಷಿಯಲ್ಲೇ ಇದ್ದ. ಗೇಟು ತೆಗೆಯುವಾಗ ಮಾತ್ರ ಯಾಕೋ ಅವನಿಗೆ ಗಾಳಿಯಲ್ಲಿ ಗುಂಯ್ಗುಡುವ ಉಜ್ಜುವ ಯಂತ್ರದ ಸದ್ದು ನೆನಪಾಯಿತು. ಆಮೇಲೆ ಆ ಸದ್ದು ಹೋಗಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅವನು ತಾನಾಗಿಯೇ ಮಾವನ ಕೋಣೆಯ ಬಾಗಿಲಲ್ಲಿ ನಿಂತ.

"ಮಾವ, ಹಲ್ಲು ಕೊಡ್ತೀರಾ? ಒಂದ್ಸಲ ನೋಡ್ತೀನಿ."

ಲ್ಯಾಬಿನಲ್ಲಿ ಹಳೆಯ ಅಚ್ಚನ್ನು ಹುಡುಕಿ ತೆಗೆದು, ಸೆಟ್ಟನ್ನು ಕೂರಿಸಿ, ನಡುವೆ, ಎತ್ತರವಿದ್ದಲ್ಲಿ ಬಣ್ಣ ಹತ್ತುವ ನೀಲಿ ಕಾಗದವಿಟ್ಟು ಕಚ್ಚಿಸಿದ. ಹನ್ನೊಂದು ವರ್ಷಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಎಡಗಡೆಯ ದವಡೆ ಹಲ್ಲಿನ ಮೇಲೆ ಮಾತ್ರ ಒಂದು ಚುಕ್ಕೆ ಕಡುನೀಲಿಯಾಗಿ ಮೂಡಿತು. ಅಳೆದ. ಅರ್ಧ ಮಿಲಿಮೀಟರ್. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಅವನು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡುತ್ತ ಕೂತಿದ್ದು, ಆಮೇಲೆ ಯಂತ್ರ ಹಚ್ಚಿ ನಿಜವಾಗಿಯೂ ಉಜ್ಜಿದ.

ಸಂಜೆ ಸಾಹೇಬರು ಸೆಟ್ಟನ್ನು ಕೈಗೆ ತೆಗೆದುಕೊಂಡು ಬಾಯಿಗೆ ಹಾಕಲಿಲ್ಲ. ಗಾಜಿನ ಪೆಟ್ಟಿಗೆಯ ಬಾಗಿಲು ಎತ್ತಿ ತಕ್ಕಡಿಯ ಮೇಲಿಟ್ಟರು. ಮುಳ್ಳು ನಿಲ್ಲುವವರೆಗೆ ಕಾದರು. ಆಮೇಲೆ ಹಾಕಿಕೊಂಡು ಕಚ್ಚಿದರು, ಮತ್ತೊಮ್ಮೆ ಕಚ್ಚಿದರು.

"ಹೂಂ. ಈಗ ಉಜ್ಜಿದೀಯ."

"ಮಾವ, ಇಷ್ಟು ವರ್ಷ ನಾನು..."

"ಗೊತ್ತು. ಪ್ರತಿ ಸಲ ಕೊಡೋಕೆ ಮುಂಚೆ ತೂಗ್ತಿದ್ದೆ, ಬಂದ್ಮೇಲೆ ತೂಗ್ತಿದ್ದೆ. ಕೂದಲೆಳೆಯಷ್ಟೂ ಕಮ್ಮಿ ಆಗಿರ್ತಿರ್ಲಿಲ್ಲ."

"ಮತ್ತೆ ಒಂದ್ಸಲಾನೂ ಹೇಳ್ಲಿಲ್ಲ?"

ಸಾಹೇಬರು ತಕ್ಕಡಿಯ ಗಾಜಿನ ಬಾಗಿಲನ್ನು ನಿಧಾನವಾಗಿ ಇಳಿಸಿದರು. ಅವರ ಮುಖ ಆ ಕಡೆಗಿತ್ತು.

"ಮನೆಯವರ ಮೇಲೆ ಕೇಸು ಬರೆಯೋ ಅಭ್ಯಾಸ ನಂಗಿಲ್ಲಪ್ಪ," ಅಂದರು.

ಆಮೇಲೆ ಮೇಜಿನ ಮೇಲಿನ ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು, ಎಡಗಡೆಯಿಂದಲೇ ಕಚ್ಚಿ ತಿನ್ನತೊಡಗಿದರು.